ಹದಿನೇಳನೇ ತಾರೀಕಿನ ಚುಕ್ಕಿ

ನಮ್ಮ ಮನೆಯ ಹಾಲಿನ ಲೆಕ್ಕ ಇರುವುದು ಅಡುಗೆಮನೆ ಬಾಗಿಲ ಹಿಂದಿನ ಕ್ಯಾಲೆಂಡರಿನಲ್ಲಿ. ದಿನಾ ಬರುವ ಎರಡು ಪ್ಯಾಕೆಟ್ಟಿಗೆ ಗುರುತು ಬೇಕಿಲ್ಲ. ನೆಂಟರು ಬಂದೋ ಪಾಯಸ ಮಾಡಿಯೋ ಹೆಚ್ಚಿಗೆ ತೆಗೆದುಕೊಂಡ ದಿನ ಮಾತ್ರ ನನ್ನ ಹೆಂಡತಿ ಆ ತಾರೀಕಿನ ಪಕ್ಕ ಪೆನ್ಸಿಲಿನಲ್ಲಿ ಒಂದು ಗೀಟು ಎಳೆಯುತ್ತಾಳೆ. ತಿಂಗಳು ಮುಗಿದ ಮೇಲೆ ಹಾಲಿನ ಹುಡುಗ ಬಂದರೆ ಗೀಟು ಎಣಿಸಿ ದುಡ್ಡು ಕೊಡುವುದು.

2022ರ ಆಗಸ್ಟ್ 1, ಸೋಮವಾರ. ನನಗೆ ಸೆಕೆಂಡ್ ಶಿಫ್ಟು, ಹಾಗಾಗಿ ಬೆಳಿಗ್ಗೆ ಮನೆಯಲ್ಲೇ ಇದ್ದೆ. ತಿ. ನರಸೀಪುರದ ಕಡೆಯ ನಮ್ಮೂರಿಂದ ಅವ್ವ ಬಂದು ಒಂದು ವಾರ ಆಗಿತ್ತು. ಹುಡುಗ ಗೇಟಿನ ಹತ್ತಿರ ನಿಂತು, "ಎಕ್ಸ್‌ಟ್ರಾ ಐದು ದಿನ ಅಜ್ಜಿ" ಅಂದ. ಸೊಸೆಗೆ ಯಾಕೆ ತೊಂದರೆ ಅಂತ ಅವ್ವನೇ ಕ್ಯಾಲೆಂಡರನ್ನು ಮೊಳೆಯಿಂದ ತೆಗೆದುಕೊಂಡು ಹೋಗಿ, ಹಿಂದಕ್ಕೆ ಮಡಚಿದ್ದ ಜುಲೈ ಹಾಳೆ ಬಿಡಿಸಿ, ಕನ್ನಡಕ ಮೂಗಿನ ಮೇಲೆ ಏರಿಸಿ ಬೆರಳಿಟ್ಟು ಎಣಿಸಿದಳು.

"ಐದಲ್ಲ ಕಣ್ ಮಗ, ಹನ್ನೊಂದು. ನೋಡಿಲ್ಲಿ, ಚುಕ್ಕಿ ಇಟ್ಟವ್ಳೆ. ಪಾಪ, ನಿಂಗೇ ಲಾಸಾಯ್ತದೆ."

"ಇಲ್ಲ ಅಜ್ಜಿ, ಐದೇ. ನನ್ ಬುಕ್ಕಲ್ಲಿ ಬರ್ದೀನಿ."

"ನಿನ್ ಬುಕ್ಕು ತಪ್ಪದೆ. ಬೆಳಕರಿಯಕ್ ಮುಂಚೆ ಎದ್ದು ಮನೆ ಮನೆ ಸುತ್ತೋ ಮಕ್ಳ ದುಡ್ಡು ನಮಗ್ ಬ್ಯಾಡ. ಹನ್ನೊಂದರದ್ದೂ ಈಸ್ಕೊಂಡೇ ಹೋಗು."

ನಾನು ಹಿತ್ತಲ ಬಾಗಿಲಲ್ಲಿ ಬ್ರಷ್ಷು ಬಾಯಲ್ಲಿಟ್ಟುಕೊಂಡು ನಿಂತಿದ್ದೆ. ನೊರೆ ಉಗಿಯುವುದಕ್ಕೂ ಆಗಲಿಲ್ಲ, ನುಂಗುವುದಕ್ಕೂ ಆಗಲಿಲ್ಲ. ಹೆಂಡತಿ ಒಲೆ ಮುಂದೆ ಒಗ್ಗರಣೆ ಹಾಕುತ್ತಿದ್ದವಳು ಈ ಕಡೆ ತಿರುಗದೆಯೇ ಹೇಳಿದಳು, "ಅತ್ತೆ, ಗೀಟು ಎಣಿಸಿ. ಚುಕ್ಕಿ ಹಾಲಿಂದಲ್ಲ."

"ಮತ್ತಿನ್ಯಾತರದವ್ವ?"

"ನಿಮ್ಮ ಮಗನ ಫ್ಯಾಕ್ಟ್ರಿ ಲೆಕ್ಕ."

"ಓಟಿನಾ?"

"ಹೂಂ ಅತ್ತೆ. ಓಟಿ."

ಹುಡುಗ ಐದರ ದುಡ್ಡು ತೆಗೆದುಕೊಂಡು ಹೋದ. ಮಗ ಒಂದೇ ತಿಂಗಳಲ್ಲಿ ಹನ್ನೊಂದು ದಿನ ಓಟಿ ಮಾಡಿ ದಣಿದಿದ್ದಾನೆ ಅಂತ ಅವ್ವ ನನ್ನ ತಟ್ಟೆಗೆ ಇನ್ನೊಂದು ದೋಸೆ ಹಾಕಿದಳು.

ಆ ಚುಕ್ಕಿಗಳನ್ನು ಇಡುತ್ತಿದ್ದವನು ನಾನು. ನೀಲಿ ಬಾಲ್‌ಪೆನ್ನಿನಲ್ಲಿ, ತಾರೀಕಿನ ಚೌಕದ ಕೆಳಗಿನ ಬಲಮೂಲೆಯಲ್ಲಿ, ಸಾಸಿವೆ ಕಾಳಿನಷ್ಟು. ನಾನೂ ನನ್ನ ಹೆಂಡತಿಯೂ ಕೂಡಿದ ದಿನಗಳ ಲೆಕ್ಕ ಅದು. ಒಂಬತ್ತು ತಿಂಗಳಿಂದ ಇಡುತ್ತಿದ್ದೆ. ಅವಳಿಗೆ ಗೊತ್ತಿಲ್ಲ ಅಂದುಕೊಂಡಿದ್ದೆ.

ರಾತ್ರಿ ಶಿಫ್ಟು ಮುಗಿಸಿ ಮನೆ ಸೇರುವಾಗ ಹನ್ನೊಂದು. ದೀಪ ಆರಿಸಿದ್ದರೂ ಅವಳು ಎಚ್ಚರವಾಗಿದ್ದಳು. ಪಕ್ಕದ ರೂಮಿನಲ್ಲಿ ಅವ್ವನ ಗೊರಕೆ ಕೇಳುತ್ತಿತ್ತು. ನಾನು ಏನಾದರೂ ಹೇಳಬೇಕು ಅಂತ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವಳೇ ಮಾತಾಡಿದಳು. ಸಿಟ್ಟಿರಲಿಲ್ಲ, ಅಳುವಿರಲಿಲ್ಲ. ಸಂತೆಯಿಂದ ಬಂದು ತರಕಾರಿ ರೇಟು ಹೇಳುವ ದನಿ.

"ಹನ್ನೊಂದಲ್ಲ ರೀ, ಹತ್ತು. ಹದಿನೇಳನೇ ತಾರೀಕು ನಂಗೆ ಜ್ವರ ಇತ್ತು."

ನಾನು ಕೇಳಬಾರದ ಪ್ರಶ್ನೆ ಕೇಳಿದೆ. "ಹೇಳ್ಬಾರ್ದಿತ್ತಾ?"

ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದಳು, "ಮುಟ್ಟಿದ್ರಲ್ಲ."

ಇದನ್ನು ಬರೆಯುತ್ತಿರುವಾಗಲೂ ನನ್ನ ಅಂಗೈ ನೋಡಿಕೊಳ್ಳುತ್ತಿದ್ದೇನೆ. ಯಾಕೆ ಅಂತ ಹೇಳಬೇಕಾದರೆ ನನ್ನ ಕೆಲಸದ ವಿಷಯ ಹೇಳಬೇಕು. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ದಾಟಿದೆ. ಮೊದಲ ಹತ್ತು ವರ್ಷ ಮೇಂಟೆನೆನ್ಸ್, ಆಮೇಲೆ ಕ್ವಾಲಿಟಿ. ಮೇಂಟೆನೆನ್ಸಿಗೆ ಸೇರಿದ ಹೊಸತರಲ್ಲಿ ನಮ್ಮ ಹಿರಿಯ ಫಿಟ್ಟರ್ ಕಲಿಸಿದ್ದು ಬೇರಿಂಗ್ ಮುಟ್ಟಿ ನೋಡುವುದು. ಮೋಟಾರು ಓಡುತ್ತಿರುವಾಗ ಹೌಸಿಂಗಿನ ಮೇಲೆ ಮೊದಲು ಮುಂಗೈ ತಾಗಿಸಬೇಕು, ಆಮೇಲೆ ಅಂಗೈ ಇಡಬೇಕು. ಸುಮಾರು 60 ಡಿಗ್ರಿ ದಾಟಿದರೆ ಅಂಗೈ ಇಟ್ಟುಕೊಂಡಿರಲು ಆಗುವುದಿಲ್ಲ. ಅದಕ್ಕೂ ಮುಂಚೆ, ನಿನ್ನೆಗಿಂತ ಇವತ್ತು ಒಂಚೂರು ಬೆಚ್ಚಗಿದೆ ಅನ್ನುವುದು ಕೈಗೆ ಗೊತ್ತಾಗಬೇಕು. ಗೊತ್ತಾದರೆ ಗ್ರೀಸು ಹಾಕಬಹುದು, ಗೊತ್ತಾಗದಿದ್ದರೆ ಬೇರಿಂಗು ಹಿಡಿದು ಲೈನು ನಿಲ್ಲುತ್ತದೆ. ಈಗ ಇನ್‌ಫ್ರಾರೆಡ್ ಗನ್ನು ಬಂದಿದೆ. ಆದರೂ ನಮ್ಮ ಶಾಪಿನಲ್ಲಿ ಯಾವುದಾದರೂ ಮೋಟಾರಿನ ಸದ್ದು ಬದಲಾದರೆ ನನ್ನನ್ನು ಕರೆಯುತ್ತಾರೆ. ನನ್ನ ಕೈ ಸುಳ್ಳು ಹೇಳುವುದಿಲ್ಲ ಅಂತ ಹುಡುಗರಲ್ಲಿ ಒಂದು ಹೆಸರಿದೆ.

ಆ ಕೈಗೆ, ಹದಿನೈದು ವರ್ಷ ಒಂದೇ ಮಂಚದಲ್ಲಿ ಮಲಗಿದ ಹೆಂಗಸಿನ ಜ್ವರ ತಿಳಿಯಲಿಲ್ಲ.

ಜುಲೈ 15 ಮೂರನೇ ಆಷಾಢ ಶುಕ್ರವಾರ. ಕೊರೋನ ಕಾಲದ ನಿರ್ಬಂಧ ಕಳೆದು ಬೆಟ್ಟಕ್ಕೆ ಜನ ಮತ್ತೆ ಹರಿದುಬಂದಿದ್ದ ವರ್ಷ ಅದು. ಅವಳು ಪಕ್ಕದ ಮನೆಯವರ ಜೊತೆ ಹೋಗಿ ಚಾಮುಂಡಿ ದರ್ಶನಕ್ಕೆ ಜಡಿಮಳೆಯಲ್ಲೇ ಸರದಿಯಲ್ಲಿ ನಿಂತಿದ್ದಳು. ಶನಿವಾರ ಮೈಕೈ ನೋವು ಅಂದಳು. ಅಂದದ್ದು ನೆನಪಿದೆ. ಭಾನುವಾರ ನನಗೆ ರಜೆ. ಆ ವಾರ ಇನ್ನೂ ಒಂದೇ ಚುಕ್ಕಿ ಬಿದ್ದಿತ್ತು. ಅದೂ ನೆನಪಿದೆ.

ಈ ಎಣಿಕೆಯ ರೋಗ ಹತ್ತಿದ್ದು ಹೇಗೆ? ಒಂದು ಕಾರಣ ಸಕ್ಕರೆ, ಇನ್ನೊಂದು ಕಂಪನಿ ಬಸ್ಸು.

2021ರ ದಸರಾ ಕಳೆದ ಮೇಲೆ ಕಾರ್ಖಾನೆಯ ವಾರ್ಷಿಕ ತಪಾಸಣೆಯಲ್ಲಿ ನನಗೆ ಸಕ್ಕರೆ ಕಾಯಿಲೆ ಅಂತ ಗೊತ್ತಾಯಿತು. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 7.8 ಇತ್ತು. ಡಾಕ್ಟರು ಕಣ್ಣು, ಕಿಡ್ನಿ, ಪಾದ ಎಲ್ಲದರ ಬಗ್ಗೆ ಹೇಳಿದರು. ಒಂದರ ಬಗ್ಗೆ ಹೇಳಲಿಲ್ಲ. ಅದನ್ನು ನಾನು ರಾತ್ರಿ ಮೊಬೈಲಿನಲ್ಲಿ ಹುಡುಕಿ ಓದಿದೆ. ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ಸಣ್ಣ ರಕ್ತನಾಳಗಳೂ ನರಗಳೂ ಕೆಡುತ್ತವೆ, ಗಂಡಸರಿಗೆ ನಿಮಿರು ದೌರ್ಬಲ್ಯ ಬರಬಹುದು ಅಂತ. ನನಗೆ ಆಗ ಅಂಥ ತೊಂದರೆ ಏನೂ ಇರಲಿಲ್ಲ. ಆದರೆ ನಾಳೆ ಬಂದರೆ ಅನ್ನುವ ಭಯ ಹೊಟ್ಟೆಯಲ್ಲಿ ಕೂತಿತು. ಹೆಂಡತಿಗೆ ಸಕ್ಕರೆಯ ಸುದ್ದಿ ಹೇಳಿದೆ, ಭಯದ ಸುದ್ದಿ ಹೇಳಲಿಲ್ಲ. ಅವಳು ಅವತ್ತಿನಿಂದಲೇ ಕಾಫಿಗೆ ಸಕ್ಕರೆ ಹಾಕುವುದು ಬಿಟ್ಟಳು. ತನ್ನ ಕಾಫಿಗೂ.

ಬಸ್ಸಿನದು ಇನ್ನೊಂದು ಕತೆ. ರಿಂಗ್ ರೋಡಿನಲ್ಲಿ ಹತ್ತಿದರೆ ಬೋಗಾದಿ, ಹಿನಕಲ್ ದಾಟಿ ಹೆಬ್ಬಾಳ ಸೇರುವವರೆಗೆ ಹಿಂದಿನ ಸೀಟಿನಲ್ಲಿ ನಮ್ಮದೊಂದು ಗುಂಪು. ನಲವತ್ತು ದಾಟಿದ ಗಂಡಸರು. ಮೊದಲು ಸೈಟಿನ ರೇಟು, ಆಮೇಲೆ ಮಕ್ಕಳ ಪಿಯುಸಿ, ಆಮೇಲೆ ಇದು. "ಏನ್ ಗುರು, ವಾರಕ್ಕೆಷ್ಟು?" ಅಂತ ಒಬ್ಬ ಕೇಳಿದ. ಇನ್ನೊಬ್ಬ "ನಾಲ್ಕು" ಅಂದ. ಅವನ ಮುಖ ನೋಡಿದರೆ ನಾಲ್ಕು ತಿಂಗಳಿಗೆ ಒಂದು ಅನ್ನುವ ಹಾಗಿತ್ತು, ಆದರೆ ಯಾರೂ ನಗಲಿಲ್ಲ. ನನ್ನ ಸರದಿ ಬಂದಾಗ "ಮೂರು" ಅಂದೆ. ಸುಳ್ಳು. ಮನೆಗೆ ಬಂದ ಮೇಲೆ ಆ ಸುಳ್ಳನ್ನು ನಿಜ ಮಾಡುವ ಹಟ ಹುಟ್ಟಿತು. ಮೂರು ಆಗುತ್ತಿದ್ದರೆ ನಾನು ಕೆಟ್ಟಿಲ್ಲ ಅಂತ ಲೆಕ್ಕ. ಸಕ್ಕರೆಗೆ ಒಂದು ರಿಪೋರ್ಟು ಬರುತ್ತದಲ್ಲ, ಇದಕ್ಕೆ ಚುಕ್ಕಿಯೇ ರಿಪೋರ್ಟು.

ಬಲವಂತ ಮಾಡಿದೆ ಅಂತ ನಾನು ಅಂದುಕೊಂಡಿರಲಿಲ್ಲ. ಅವಳು "ಬೇಡ" ಅಂದ ದಿನ ಮುಖ ತಿರುಗಿಸಿ ಮಲಗುತ್ತಿದ್ದೆ. ಬೆಳಿಗ್ಗೆ ತಿಂಡಿಗೆ ಉಪ್ಪು ಕಮ್ಮಿ ಅನ್ನುತ್ತಿದ್ದೆ, ಬೈಕಿನ ಕೀ ಎಲ್ಲಿ ಅಂತ ಜೋರಾಗಿ ಕೇಳುತ್ತಿದ್ದೆ. ಒಂದೆರಡು ದಿನ ಮಾತು ಕಮ್ಮಿ. ಹೀಗೆ ಮೂರು ಸಲ ಆದ ಮೇಲೆ ಅವಳು "ಬೇಡ" ಅನ್ನುವುದು ಬಿಟ್ಟಳು. ಅದನ್ನು ನಾನು ಒಪ್ಪಿಗೆ ಅಂತ ಬರೆದುಕೊಂಡೆ. ಕ್ವಾಲಿಟಿಯಲ್ಲಿ ನಮ್ಮ ಹತ್ತಿರ ಗೋ, ನೋ-ಗೋ ಅಂತ ಒಂದು ಗೇಜು ಇರುತ್ತದೆ. ಒಂದು ತುದಿ ತೂತಿನೊಳಗೆ ಹೋಗಬೇಕು, ಇನ್ನೊಂದು ತುದಿ ಹೋಗಬಾರದು. ಎರಡೂ ತುದಿ ಹಾಕಿ ನೋಡದೆ ಪೀಸು ಪಾಸ್ ಮಾಡಿದರೆ ಸೂಪರ್‌ವೈಸರ್ ಕೈಲಿ ಬೈಸಿಕೊಳ್ಳುತ್ತೇವೆ. ಮನೆಯಲ್ಲಿ ಒಂದೇ ತುದಿ ಹಾಕಿ ಪಾಸ್ ಅನ್ನುತ್ತಿದ್ದೆ.

2022ರ ಮಾರ್ಚ್ 23ರಂದು ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರ ತೀರ್ಪು ಬಂದಿತ್ತು. ಹೆಂಡತಿಯ ದೂರಿನ ಮೇಲೆ ಗಂಡನ ವಿರುದ್ಧ ಹೊರಿಸಿದ್ದ ಅತ್ಯಾಚಾರದ ಆರೋಪವನ್ನು ಕೈಬಿಡಲು ನ್ಯಾಯಾಲಯ ಒಪ್ಪಲಿಲ್ಲ. ಮದುವೆ ಅನ್ನುವುದು ಗಂಡಸಿಗೆ ಕೊಟ್ಟ ಪರವಾನಗಿ ಅಲ್ಲ ಅನ್ನುವುದು ತೀರ್ಪಿನ ಸಾರ. ಮರುದಿನ ಹಿಂದಿನ ಸೀಟಿನಲ್ಲಿ ಅದೇ ಮಾತು. "ಇನ್ಮೇಲೆ ಸೈನ್ ಹಾಕಿಸ್ಕೋಬೇಕು ಗುರು, ಡೆಲಿವರಿ ಚಲನ್ ಥರ" ಅಂದ ಒಬ್ಬ. ಎಲ್ಲರೂ ನಕ್ಕರು. ನಾನೂ ನಕ್ಕೆ, ಚೆನ್ನಾಗೇ ನಕ್ಕೆ. ಆಮೇಲೆ ಜುಲೈನಲ್ಲಿ ಸುಪ್ರೀಂ ಕೋರ್ಟು ಆ ಪ್ರಕರಣಕ್ಕೆ ತಡೆ ಕೊಟ್ಟಿತು. ನಮ್ಮ ಮನೆಯ ಹದಿನೇಳನೇ ತಾರೀಕು ಇದ್ದದ್ದೂ ಅದೇ ಜುಲೈನಲ್ಲಿ.

ನನ್ನದು ಕೋರ್ಟಿಗೆ ಹೋಗುವ ವಿಷಯವಲ್ಲ ಅಂತ ಯಾರಾದರೂ ಸಮಾಧಾನ ಹೇಳಬಹುದು. ಇರಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಮನಸ್ಸಿಲ್ಲದಿದ್ದರೆ ಗಂಡನಿಗೆ ಬೇಡ ಅನ್ನಬಲ್ಲೆವು ಅಂತ ನೂರಕ್ಕೆ 82 ಹೆಂಗಸರು ಹೇಳಿದ್ದಾರೆ. ಸಮೀಕ್ಷೆಯವರು ನಮ್ಮ ಗೇಟು ತಟ್ಟಿದ್ದರೆ ನನ್ನ ಹೆಂಡತಿಯೂ ಹೌದು ಅನ್ನುತ್ತಿದ್ದಳೇನೋ. ಬೇಡ ಅಂದ ಮರುದಿನ ತಿಂಡಿಗೆ ಉಪ್ಪು ಕಮ್ಮಿಯಾಗುತ್ತದೆಯೇ ಅಂತ ಕೇಳುವ ಕಾಲಂ ಆ ಫಾರಮ್ಮಿನಲ್ಲಿ ಇರಲಿಕ್ಕಿಲ್ಲ.

ಜ್ವರದ ಮಾತಾಡಿದ ಆ ಆಗಸ್ಟ್ ರಾತ್ರಿಯ ಮರುದಿನ ಅವಳು ತನ್ನ ದಿಂಬು ತೆಗೆದುಕೊಂಡು ಅವ್ವನ ರೂಮಿಗೆ ಹೋದಳು. ಅತ್ತೆಗೆ ರಾತ್ರಿ ಎದ್ದು ಓಡಾಡುವುದು ಕಷ್ಟ, ಜೊತೆಗೆ ಯಾರಾದರೂ ಇರಬೇಕು ಅನ್ನುವುದು ಹೇಳಿಕೊಳ್ಳುವ ಕಾರಣ. 30×40 ಸೈಟಿನ ಎರಡು ರೂಮಿನ ಮನೆ ನಮ್ಮದು. ಇಷ್ಟು ಚಿಕ್ಕ ಮನೆಯಲ್ಲಿ ಅಷ್ಟು ದೂರ ಇರಬಹುದು ಅಂತ ಗೊತ್ತಿರಲಿಲ್ಲ. ಹಗಲಲ್ಲಿ ಎಲ್ಲ ಸರಿ. ಡಬ್ಬಿ ಕಟ್ಟುತ್ತಿದ್ದಳು, ಸಕ್ಕರೆ ಮಾತ್ರೆ ನೆನಪಿಸುತ್ತಿದ್ದಳು, ಹಾಸ್ಟೆಲ್ಲಿನಲ್ಲಿರುವ ಮಗನ ಫೋನು ಬಂದರೆ ಸ್ಪೀಕರಿಗೆ ಹಾಕುತ್ತಿದ್ದಳು. ಗೌರಿ ಹಬ್ಬ, ದಸರಾ, ದೀಪಾವಳಿ ಕಳೆದವು. ಮದುವೆ ದಿನಕ್ಕೆ ಪ್ರತಿ ವರ್ಷದಂತೆ ಸೀರೆ ತಂದೆ. ಹದಿನೈದು ವರ್ಷಕ್ಕೆ ಹದಿನೈದು ಸೀರೆ ಕೊಡಿಸಿದ್ದೇನೆ ಅನ್ನುವುದು ನನ್ನ ಇನ್ನೊಂದು ಲೆಕ್ಕ. ಅವಳು ಉಡುವುದು ಅದರಲ್ಲಿ ಎರಡನ್ನು. ಬಾಕಿಯವು ಯಾಕೆ ಹಿಡಿಸಲಿಲ್ಲ ಅಂತ ನಾನು ಕೇಳಿದವನಲ್ಲ.

ನವೆಂಬರಿನಲ್ಲಿ ಸಕ್ಕರೆ ಏರಿತು. ಡಾಕ್ಟರು ನಿದ್ದೆ ಹೇಗಿದೆ, ಮನೆಯಲ್ಲಿ ಏನಾದರೂ ಚಿಂತೆಯೇ ಅಂತ ಕೇಳಿದಾಗ ಅಳು ಬಂದುಬಿಟ್ಟಿತು. ಅವರು ಇನ್ನೊಬ್ಬ ಡಾಕ್ಟರ ಹತ್ತಿರ ಕಳಿಸಿದರು. ಹೆಸರು ಬೇಡ, ಮನೋವೈದ್ಯರು, ದಾಂಪತ್ಯದ ಸಮಸ್ಯೆಗಳನ್ನೂ ನೋಡುತ್ತಾರೆ. ಮೊದಲ ದಿನ ಒಬ್ಬನೇ ಹೋಗಿದ್ದೆ. ಲೆಕ್ಕ ಕೇಳುತ್ತಾರೆ ಅಂತ ತಯಾರಾಗಿಯೇ ಹೋಗಿದ್ದೆ ಅಂದರೆ ನಗಬೇಡಿ. "ಒಂಬತ್ತು ತಿಂಗಳ ಸರಾಸರಿ ವಾರಕ್ಕೆ 2.6 ಸಾರ್" ಅಂದೆ. ಅವರು ಅದನ್ನು ಬರೆದುಕೊಳ್ಳಲೂ ಇಲ್ಲ. "ನಿಮ್ಮ ಮನೆಯವರಿಗೆ ಎಲ್ಲಿ ಮುಟ್ಟಿದರೆ ಹಿತ?" ಅಂತ ಕೇಳಿದರು. ನಾನು ಏನೋ ಹೇಳಲು ಹೋದೆ. "ನಿಮಗೆ ಹಿತ ಆಗುವ ಜಾಗ ಅಲ್ಲ" ಅಂದರು.

ಗೋಡೆಯ ಗಡಿಯಾರ ನೋಡುತ್ತಾ ಕೂತೆ.

ಅವರು ಎರಡು ಅಧ್ಯಯನಗಳ ಬಗ್ಗೆ ಹೇಳಿದರು. ನನ್ನಂಥ ಲೆಕ್ಕದವನಿಗೆ ಲೆಕ್ಕದಲ್ಲೇ ಹೇಳಬೇಕು ಅಂತ ಇರಬೇಕು. ಎರಡೂ 2015ರವು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು 64 ಜೋಡಿಗಳನ್ನು ಆರಿಸಿ, ಅರ್ಧದಷ್ಟು ಜನಕ್ಕೆ ಮೂರು ತಿಂಗಳು ಈಗ ಎಷ್ಟು ಸಲ ಕೂಡುತ್ತೀರೋ ಅದನ್ನು ಇಮ್ಮಡಿ ಮಾಡಿ ಅಂದರು. ಉಳಿದವರಿಗೆ ಏನೂ ಹೇಳಲಿಲ್ಲ. ಕೊನೆಗೆ ನೋಡಿದರೆ ಇಮ್ಮಡಿಯವರ ಸಂತೋಷ ಹೆಚ್ಚಿರಲಿಲ್ಲ, ತುಸು ಇಳಿದೇ ಇತ್ತು. ಬಯಕೆಯೂ ಇಳಿದಿತ್ತು, ಸುಖವೂ ಇಳಿದಿತ್ತು. ತಾವಾಗಿ ಬಯಸಿ ಮಾಡದೆ ಯಾರೋ ಹೇಳಿದರು ಅಂತ ಮಾಡಿದ್ದೇ ಕಾರಣ ಇರಬೇಕು ಅಂದರಂತೆ ಸಂಶೋಧಕರು. ಇನ್ನೊಂದು, ಏಮಿ ಮ್ಯೂಸ್ ಎಂಬಾಕೆ ಮತ್ತು ಸಂಗಡಿಗರು 30,000ಕ್ಕೂ ಹೆಚ್ಚು ಅಮೆರಿಕನ್ನರ ಮಾಹಿತಿ ಇಟ್ಟುಕೊಂಡು ನೋಡಿದ್ದು. ಜೋಡಿಗಳಲ್ಲಿ ವಾರಕ್ಕೆ ಒಂದರವರೆಗೆ ಸಂಖ್ಯೆಯ ಜೊತೆ ಸಂತೋಷವೂ ಏರುತ್ತದೆ, ಅದರಾಚೆ ಗೆರೆ ಮಟ್ಟಸವಾಗಿಬಿಡುತ್ತದೆ.

ಅದನ್ನು ಕೇಳಿದ ತಕ್ಷಣ ನನ್ನ ತಲೆ ಏನು ಹೇಳಿತು ಗೊತ್ತೇ? ಹಾಗಾದರೆ ವಾರಕ್ಕೆ ಒಂದು ಸಾಕು, ಟಾರ್ಗೆಟ್ ಇಳಿಸೋಣ ಅಂತ. ಡಾಕ್ಟರು ನನ್ನ ಮುಖ ನೋಡಿಯೇ ಹೇಳಿದರು, "ಒಂದೂ ಬೇಡ. ಸದ್ಯಕ್ಕೆ ಸೊನ್ನೆ."

ವಿಲಿಯಂ ಮಾಸ್ಟರ್ಸ್ ಮತ್ತು ವರ್ಜೀನಿಯಾ ಜಾನ್ಸನ್ ಎಂಬ ಅಮೆರಿಕದ ಜೋಡಿ 1970ರಲ್ಲಿ ಪ್ರಕಟಿಸಿದ ಚಿಕಿತ್ಸಾ ಕ್ರಮ ಅದು. ಮೊದಲ ಹಂತದಲ್ಲಿ ಕೂಡುವುದಕ್ಕೇ ನಿಷೇಧ. ಎದೆ, ಜನನಾಂಗ ಮುಟ್ಟುವ ಹಾಗಿಲ್ಲ. ಹದಿನೈದು ಇಪ್ಪತ್ತು ನಿಮಿಷ ಒಬ್ಬರು ಮುಟ್ಟಬೇಕು, ಒಬ್ಬರು ಸುಮ್ಮನೆ ಮುಟ್ಟಿಸಿಕೊಳ್ಳಬೇಕು, ಆಮೇಲೆ ಅದಲುಬದಲು. ಉದ್ರೇಕಿಸುವುದಕ್ಕಲ್ಲ, ಮೆಚ್ಚಿಸುವುದಕ್ಕೂ ಅಲ್ಲ. ಚರ್ಮ ಬಿಸಿಯೋ ತಣ್ಣಗೋ, ನುಣುಪೋ ಒರಟೋ ಅಂತ ತಿಳಿಯುವುದಕ್ಕೆ. ಗುರಿ ಇಲ್ಲದಿದ್ದರೆ ಸೋಲುವ ಭಯವೂ ಇರುವುದಿಲ್ಲ ಅನ್ನುವುದು ಇದರ ಹಿಂದಿನ ತರ್ಕ. ಬೇರಿಂಗಿನ ಪಾಠ, ಮತ್ತೆ ಮೊದಲಿಂದ.

ಹೆಂಡತಿಗೆ ಹೇಳಿದೆ. "ಇದೂ ಒಂದು ಡ್ಯೂಟಿನಾ?" ಅಂದಳು. ಒಪ್ಪಲಿಲ್ಲ. ಡಾಕ್ಟರ ಹತ್ತಿರ ಬರುವುದಕ್ಕೂ ಒಪ್ಪಲಿಲ್ಲ. ಮೂರನೇ ಸಲಕ್ಕೆ ಬಂದಳು. ಒಳಗೆ ಒಬ್ಬಳೇ ಮುಕ್ಕಾಲು ಗಂಟೆ ಮಾತಾಡಿದಳು. ಏನು ಮಾತಾಡಿದಳೋ ಇವತ್ತಿಗೂ ಕೇಳಿಲ್ಲ. ಬರುವಾಗ ಬೈಕಿನ ಹಿಂದೆ ಕೂತು, ಆಂದೋಲನ ಸರ್ಕಲ್ ದಾಟುವಾಗ ಅಂದಳು, "ನಂಗೆ ನಿಮ್ಮ ಮೇಲೆ ಬೇಜಾರಿರೋದು ಅದಕ್ಕಲ್ಲ ರೀ. ಸಕ್ಕರೆ ಬಂದಾಗ ಹೆದರಿಕೆ ಆಯ್ತು ಅಂತ ನಂಗ್ಯಾಕೆ ಹೇಳ್ಲಿಲ್ಲ?" ಡಾಕ್ಟರಿಗೆ ಹೇಳಿದ್ದನ್ನು ಅವರು ನನ್ನ ಒಪ್ಪಿಗೆ ಕೇಳಿಯೇ ಅವಳಿಗೆ ತಿಳಿಸಿದ್ದರು. ಹೆಲ್ಮೆಟ್ಟಿನೊಳಗೆ ನಾನು ಉತ್ತರ ಹೇಳಿದೆ. ಗಾಳಿಗೆ ಅವಳಿಗೆ ಕೇಳಿಸಲಿಲ್ಲ. ಮನೆಗೆ ಬಂದ ಮೇಲೆ ಇನ್ನೊಂದು ಸಲ ಹೇಳುವ ಧೈರ್ಯಕ್ಕೆ ಎರಡು ದಿನ ಬೇಕಾಯಿತು.

ಆ ದಿನಗಳಲ್ಲೇ ಅವಳ ಟ್ರಂಕಿನಲ್ಲಿ ಡಾ. ಅನುಪಮಾ ನಿರಂಜನ ಅವರ 'ದಾಂಪತ್ಯ ದೀಪಿಕೆ' ಸಿಕ್ಕಿತು. ಅವಳ ಚಿಕ್ಕಮ್ಮ ಮದುವೆಯಲ್ಲಿ ಕೊಟ್ಟ ಉಡುಗೊರೆ. ನಮ್ಮ ಕಡೆ ಎಷ್ಟೋ ಹೆಣ್ಣುಮಕ್ಕಳ ಟ್ರಂಕಿನಲ್ಲಿ ಈ ಪುಸ್ತಕವೋ ಅವರದೇ 'ತಾಯಿ ಮಗು'ವೋ ಇರುತ್ತಿತ್ತು. ವೈದ್ಯೆಯೂ ಲೇಖಕಿಯೂ ಆಗಿದ್ದ ಆಕೆ, ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದ ವಿಷಯಗಳನ್ನು ನಮ್ಮ ಭಾಷೆಯಲ್ಲಿ ಬರೆದವರು. ಹೆಂಗಸರ ಪುಸ್ತಕ ಅಂತ ನಾನು ಮುಟ್ಟಿರಲಿಲ್ಲ. ಟ್ರಂಕು ನನ್ನ ಮಂಚದ ಕೆಳಗೇ ಹದಿನೈದು ವರ್ಷ ಇತ್ತು. ಅವಳು ಅಲ್ಲಲ್ಲಿ ಪೆನ್ಸಿಲಿನಲ್ಲಿ ಗೀಟು ಹಾಕಿದ್ದಳು. ಹಾಲಿಗೆ ಎಳೆಯುವಂಥದ್ದೇ ಗೀಟು. ಯಾವ ಸಾಲುಗಳಿಗೆ ಅಂತ ಇಲ್ಲಿ ಹೇಳುವುದಿಲ್ಲ, ಅದು ಅವಳದು.

2023ರ ಫೆಬ್ರವರಿ. ಅವ್ವ ಊರಿಗೆ ಹೋಗಿದ್ದಳು. ರಾತ್ರಿ ಊಟ ಆದ ಮೇಲೆ ಹೆಂಡತಿ ಅಂದಳು, "ಪಾದ ಮಾತ್ರ." ಹರಳೆಣ್ಣೆ ಬಟ್ಟಲು ತಂದಿಟ್ಟು, ಕುರ್ಚಿಯಲ್ಲಿ ಕೂತು, ಕಾಲು ಸ್ಟೂಲಿನ ಮೇಲೆ ಚಾಚಿದಳು. ನಾನು ಚಾಪೆ ಮೇಲೆ ಕೂತೆ. ಡಾಕ್ಟರು ಹೇಳಿದ ಹದಿನೈದು ನಿಮಿಷ ಮರೆಯಬಾರದು ಅಂತ ಮೊಬೈಲಿನಲ್ಲಿ ಟೈಮರ್ ಇಟ್ಟೆ. ಎರಡು ನಿಮಿಷಕ್ಕೊಮ್ಮೆ "ಇದು ಸರಿ ಇದೆಯಾ? ಇಲ್ಲಿ ಸರಿ ಇದೆಯಾ?" ಅಂತ ಕೇಳುತ್ತಿದ್ದೆ. ನಾಲ್ಕನೇ ಸಲಕ್ಕೆ ಅವಳು ನಗಲು ಶುರುಮಾಡಿದಳು. "ಇನ್‌ಸ್ಪೆಕ್ಷನ್ ರಿಪೋರ್ಟು ಬರೀತಿದೀರಾ?" ಅಂತ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಆರು ತಿಂಗಳಾದ ಮೇಲೆ ಕೇಳಿದ ನಗು ಅದು. ಟೈಮರ್ ಬಡಿದುಕೊಂಡಾಗ ನಾವಿಬ್ಬರೂ ಅದನ್ನು ನೋಡಲಿಲ್ಲ, ಅಡುಗೆಮನೆಯಲ್ಲಿ ಕುಕ್ಕರ್ ಅಂತ ಅವಳು ಒಂದು ಕ್ಷಣ ಗಾಬರಿಯಾದಳು.

ಆಮೇಲೆ ಸುಮ್ಮನೆ ಕೈ ಆಡಿಸಿದೆ. ಎಡಗಾಲಿನ ಹಿಮ್ಮಡಿ ಬಲದ್ದಕ್ಕಿಂತ ಹೆಚ್ಚು ಒಡೆದಿತ್ತು. ಒಲೆ ಮುಂದೆ ನಿಂತಾಗ ಎಡಗಾಲಿಗೆ ಭಾರ ಕೊಡುತ್ತಾಳೆ ಅಂತ ಅದರಿಂದ ಗೊತ್ತಾಯಿತು. ಕಾಲುಂಗುರದ ಕೆಳಗೆ ಚರ್ಮ ಮಗುವಿನದರಂತೆ ಬಿಳಿಚಿಕೊಂಡು ಮೆತ್ತಗಿತ್ತು. ಪಾದ ತಣ್ಣಗಿತ್ತು, ಗಿಣ್ಣಿನ ಮೇಲೆ ಬೆಚ್ಚಗೆ. ಬಲಗಿಣ್ಣಿನ ಒಳಬದಿಯಲ್ಲಿ ಅರ್ಧ ಚಂದ್ರದ ಹಾಗೆ ಒಂದು ಹಳೆಯ ಗಾಯದ ಕಲೆ ಬೆರಳಿಗೆ ಸಿಕ್ಕಿತು.

"ಇದೇನು?"

"ಸೈಕಲ್ ಚೈನು. ಎಂಟನೇ ಕ್ಲಾಸು. ನಂಜನಗೂಡಲ್ಲಿ ಅಣ್ಣನ ಸೈಕಲ್ ಕದ್ದು ಹೊಡೀತಿದ್ದೆ."

"ನಿಂಗೆ ಸೈಕಲ್ ಬರುತ್ತಾ?"

"ಬರುತ್ತೆ. ನೀವು ಯಾವತ್ತೂ ಕೇಳ್ಲಿಲ್ಲ."

ಅವತ್ತು ಅವಳು ಆ ಸೈಕಲ್ಲಿನ ಕತೆ ಹೇಳಿದಳು. ಕಪಿಲಾ ಸ್ನಾನಘಟ್ಟದವರೆಗೆ ಹೋಗಿ, ಬಿದ್ದು, ರಕ್ತ ಒರೆಸಿಕೊಂಡು, ಮನೆಗೆ ಬಂದು ಕಲ್ಲು ತಾಗಿತು ಅಂತ ಸುಳ್ಳು ಹೇಳಿದ ಕತೆ. ಹೇಳುತ್ತಾ ಹೇಳುತ್ತಾ ಅವಳ ಪಾದ ನನ್ನ ಕೈಯಲ್ಲಿ ಭಾರವಾಗುತ್ತಾ ಬಂತು. ಬಿಗಿ ಹಿಡಿದಿದ್ದ ಕಾಲನ್ನು ಅವಳು ನನ್ನ ಕೈಗೆ ಬಿಟ್ಟುಕೊಡುತ್ತಿದ್ದಾಳೆ ಅಂತ ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ಅಲ್ಲಿಂದಾಚೆಗೆ ಎಲ್ಲ ಸರಿಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ. ದಿಂಬು ಏಪ್ರಿಲಿನಲ್ಲಿ ವಾಪಸು ಬಂತು. ಮೇ ತಿಂಗಳಲ್ಲಿ ಒಂದು ರಾತ್ರಿ ಮತ್ತೆ ಹೋಯಿತು. ನಾನು ಹಳೆಯ ಅವಸರ ತೋರಿಸಿದ್ದೆ. ನಾನು ಭಯಪಟ್ಟದ್ದೇ ಬಂದಿತು ಕೂಡ. ಕೆಲವು ಸಲ ದೇಹ ಮಾತು ಕೇಳುವುದಿಲ್ಲ. ಮೊದಲ ಸಲ ಹಾಗಾದಾಗ ಎದ್ದು ಹೋಗಿ ಹಜಾರದ ಕತ್ತಲಲ್ಲಿ ಕೂತಿದ್ದೆ. ಅವಳು ಬಂದು ಪಕ್ಕ ಕೂತು, "ಫ್ರಿಜ್ಜಲ್ಲಿ ಹಲಸಿನ ತೊಳೆ ಇದೆ, ನಿಮಗೆ ಎರಡೇ" ಅಂದಳು. ಇಬ್ಬರೂ ಹಲಸು ತಿಂದು ಮಲಗಿದೆವು. ಕಾರ್ಖಾನೆ ಭಾಷೆಯಲ್ಲಿ ಅದು ರಿಜೆಕ್ಟ್ ಆದ ದಿನ. ಆದರೆ ಆ ಹಿಂದಿನ ಹನ್ನೊಂದು ಚುಕ್ಕಿಗಳ ತಿಂಗಳಲ್ಲಿ ಅಂಥ ಒಂದು ರಾತ್ರಿಯೂ ಇರಲಿಲ್ಲ.

ಈಗ ಭಾನುವಾರ ಬೆಳಿಗ್ಗೆ ಇಬ್ಬರೂ ಲಿಂಗಾಂಬುಧಿ ಕೆರೆಗೆ ಹೋಗುತ್ತೇವೆ. ಮುಮ್ಮಡಿ ಕೃಷ್ಣರಾಜ ಒಡೆಯರು 1828ರಲ್ಲಿ ತಮ್ಮ ರಾಣಿ ಲಿಂಗಾಜಮ್ಮಣ್ಣಿಯವರ ಹೆಸರಿನಲ್ಲಿ ಕಟ್ಟಿಸಿದ ಕೆರೆ. ಮುಮ್ಮಡಿಯವರಿಗೆ ರಾಣಿಯರು ಒಬ್ಬಿಬ್ಬರಲ್ಲ. ಕೆರೆ ಮಾತ್ರ ಈ ಒಬ್ಬರ ಹೆಸರಲ್ಲಿ ಉಳಿದಿದೆ. ಅಲ್ಲಿ ನಡೆಯುವವರೆಲ್ಲ ಕೈಗೆ ವಾಚು ಕಟ್ಟಿಕೊಂಡು ಹೆಜ್ಜೆ ಎಣಿಸುತ್ತಾರೆ, ಎದುರು ಸಿಕ್ಕರೆ "ಎಷ್ಟಾಯ್ತು ಸಾರ್?" ಅಂತ ಕೇಳುತ್ತಾರೆ. ನನಗೂ ಹತ್ತು ಸಾವಿರ ಹೆಜ್ಜೆಯ ಚಟ ಇತ್ತು. ಇವಳ ಜೊತೆ ಹೋದರೆ ಮೂರು ಸಾವಿರವೂ ಆಗುವುದಿಲ್ಲ. ನೀರಿನ ಅಂಚಿನಲ್ಲಿ ನೇರಳೆ ಜಂಬುಕೋಳಿ ಕೆಂಪು ಕಾಲಿನಲ್ಲಿ ಜೊಂಡು ಹಿಡಿದುಕೊಂಡು ತಿನ್ನುವುದನ್ನು ನೋಡುತ್ತಾ ನಿಂತುಬಿಡುತ್ತಾಳೆ. ನಿಂತಾಗ ಎಡಗಾಲಿಗೆ ಭಾರ ಕೊಡುತ್ತಾಳೆ. ನಾನು ಆ ಕಡೆ ಹೋಗಿ ನಿಂತುಕೊಳ್ಳುತ್ತೇನೆ, ಬೇಕಾದರೆ ಒರಗಲಿ ಅಂತ. ಕೆಲವು ದಿನ ಒರಗುತ್ತಾಳೆ.

ಬಸ್ಸಿನಲ್ಲಿ ಈಗಲೂ ಹಿಂದಿನ ಸೀಟೇ. "ವಾರಕ್ಕೆಷ್ಟು ಗುರು?" ಅಂದರೆ "ಡಾಕ್ಟ್ರು ನಿಲ್ಲಿಸಿದಾರೆ" ಅಂದೆ ಒಂದು ಸಲ. ಎಲ್ಲರೂ ಗಾಬರಿಯಾಗಿ ಸುಮ್ಮನಾದರು. ಇಳಿಯುವಾಗ ಆ "ನಾಲ್ಕು" ಅಂದಿದ್ದವನು ನನ್ನ ಪಕ್ಕ ಬಂದು ಮೆಲ್ಲಗೆ, "ಯಾವ ಡಾಕ್ಟ್ರು?" ಅಂತ ಕೇಳಿದ. ನಂಬರು ಕೊಟ್ಟೆ.

ಲೆಕ್ಕ ಪೂರ್ತಿ ಬಿಟ್ಟಿದ್ದೇನೆಯೇ? ಪೆನ್ನು ಬಿಟ್ಟಿದ್ದೇನೆ. ತಲೆಯೊಳಗಿನ ಮುದುಕ ಗುಮಾಸ್ತ ಇನ್ನೂ ನಿವೃತ್ತನಾಗಿಲ್ಲ. ಕೆಲವು ತಿಂಗಳು ಎರಡು, ಕೆಲವು ತಿಂಗಳು ಒಂದೂ ಇಲ್ಲ ಅಂತ ಅವನಿಗೆ ಗೊತ್ತಿರುತ್ತದೆ. ಹದಿನೇಳನ್ನು ಅವಳು ಮರೆತಿಲ್ಲ. ಒಮ್ಮೆ ಕೇಳಿದಾಗ, "ಮರೆಯೋದ್ಯಾಕೆ, ಇರ್ಲಿ ಬಿಡಿ" ಅಂದಳು. ಆ ಮಾತನ್ನು ಹೇಗೆ ತೆಗೆದುಕೊಳ್ಳಬೇಕೋ ನನಗೆ ಇನ್ನೂ ಸ್ಪಷ್ಟವಿಲ್ಲ. ಅವಳಿಗೆ ನೆಗಡಿ ಆದರೂ ನಾನು ಹಣೆ ಮುಟ್ಟಿ ನೋಡುತ್ತೇನೆ, ಮೊದಲು ಮುಂಗೈ, ಆಮೇಲೆ ಅಂಗೈ. "ಬೇರಿಂಗ್ ಸರಿ ಇದೆಯಾ?" ಅನ್ನುತ್ತಾಳೆ.

ಹೋದ ವಾರ ಕಾಫಿ ಕುಡಿಯುತ್ತಾ ಕ್ಯಾಲೆಂಡರ್ ಕಡೆ ನೋಡಿದೆ. ಗುರುವಾರದ ಚೌಕದಲ್ಲಿ, ಕೆಳಗಿನ ಬಲಮೂಲೆಯಲ್ಲಿ, ಒಂದು ಚುಕ್ಕಿ. ಪೆನ್ಸಿಲಿನದು. ನಾನಿಟ್ಟದ್ದಲ್ಲ. ಬುಧವಾರ ರಾತ್ರಿ ನೆನಪಾಯಿತು, ಅಲ್ಲ, ಗುರುವಾರವೇ ಇರಬೇಕು, ಮಳೆ ಬಂದಿತ್ತಲ್ಲ. ಎದೆ ಡಬಡಬ ಅಂತು. ಈ ವಯಸ್ಸಿಗೆ ಕಿವಿ ಬಿಸಿಯಾಗುತ್ತದೆ ಅಂದರೆ ನೀವು ನಂಬಬೇಕು. ಲೋಟ ತೊಳೆಯುವ ನೆಪದಲ್ಲಿ ಅವಳ ಪಕ್ಕ ಹೋಗಿ ನಿಂತು, ಆದಷ್ಟು ಸಹಜವಾಗಿ ಕೇಳಿದೆ, "ಆ ಚುಕ್ಕಿ ಏನು?"

ಅವಳು ಕ್ಯಾಲೆಂಡರ್ ನೋಡಿದಳು, ನನ್ನ ಮುಖ ನೋಡಿದಳು, ನನ್ನ ಕಿವಿ ನೋಡಿದಳು.

"ಸಿಲಿಂಡರ್ ಬದಲಾಯಿಸಿದ ದಿನ ರೀ" ಅಂದು, ಸೆರಗು ಬಾಯಿಗೆ ಒತ್ತಿಕೊಂಡು ಹಿತ್ತಲಿಗೆ ಹೋದಳು.